ಹೂಮಳೆ, ಸ್ಪ್ರಿಂಕ್ಲರ್ ಮತ್ತು ಪೋರ್ಷಿಯಾ: ಹೈಸ್ಕೂಲಿನ ಇಂಗ್ಲಿಷ್ ಪಾಠಕ್ಕೆ ಸಾಮಗ್ರಿ ಎಂದರೇನು

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುವ ಮಗುವಿನ ಇಂಗ್ಲಿಷ್ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪದ್ಯದ ಪುಟದಲ್ಲಿ ಅಚ್ಚಾದ ಸಾಲಿನ ನೆತ್ತಿಯ ಮೇಲೆ ಪೆನ್ಸಿಲ್ಲಿನ ಇನ್ನೊಂದು ಸಾಲು ಇರುತ್ತದೆ: 'ದ ಕ್ವಾಲಿಟಿ ಆಫ್ ಮರ್ಸಿ ಈಸ್ ನಾಟ್ ಸ್ಟ್ರೇಯಿಂಡ್'. ಅಂಚಿನಲ್ಲಿ 'ಮರ್ಸಿ = ಕರುಣೆ'. ಅದರ ಪಕ್ಕ ನೀಲಿ ಇಂಕಿನಲ್ಲಿ ಎರಡು ಸಾಲಿಗೆ ಒಂದು ಆವರಣ ಹಾಕಿ '2ನೇ ಪ್ರಶ್ನೆ ಉತ್ತರ' ಎಂದು ಬರೆದಿರುತ್ತದೆ. ಗಟ್ಟಿಯಾಗಿ ಓದು ಅಂದರೆ ಮಗುವಿನ ಕಣ್ಣು ಪೆನ್ಸಿಲ್ಲಿನ ಮೇಲೆ ಓಡುತ್ತದೆ. ಪರೀಕ್ಷೆಗೆ ಓದು ಅಂದರೆ ಆವರಣದ ಮೇಲೆ. ನಡುವಿನ ಅಚ್ಚಾದ ಸಾಲಿಗೆ ಓದುಗರೇ ಇಲ್ಲ.

ಮೂಡಿಗೆರೆ ಸೀಮೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಇಂಥ ಪುಸ್ತಕಗಳನ್ನು ನೋಡಿ ನೋಡಿ ನನಗೊಂದು ಚಟ ಅಂಟಿಕೊಂಡಿದೆ. ಯಾವ ಶಾಲೆಗೆ ಹೋದರೂ ಮೊದಲು ಮಕ್ಕಳ ಪುಸ್ತಕದ ಪದ್ಯದ ಪುಟ ತೆರೆಯುತ್ತೇನೆ. ಒಂದು ಜೂನ್‌ನಲ್ಲಿ, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ನಡೆಯುತ್ತಿದ್ದ ವಾರ, ಹೊಸದಾಗಿ ಬಂದ ಮೇಡಂ ಒಬ್ಬರು ಸ್ಟಾಫ್ ರೂಮಿನಲ್ಲಿ ತಮ್ಮ ಪೆನ್‌ಡ್ರೈವ್ ತೋರಿಸಿದರು. ಪಿಪಿಟಿ, ವರ್ಕ್‌ಶೀಟ್, ಯೂಟ್ಯೂಬಿನಿಂದ ಇಳಿಸಿದ ವಿಡಿಯೊ, ಗೈಡುಗಳ ಪಿಡಿಎಫ್, ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಸೇರಿಸಿ ಯಾರೋ ಪುಣ್ಯಾತ್ಮರು ಮಾಡಿದ ಪಾಸಿಂಗ್ ಪ್ಯಾಕೇಜ್. “ಸರ್, ರಿಸೋರ್ಸಿಗೇನೂ ಬರ ಇಲ್ಲ. ಕ್ಲಾಸಿಗೆ ಯಾವುದನ್ನ ತಗೊಂಡು ಹೋಗ್ಲಿ ಅನ್ನೋದೇ ತಿಳೀತಿಲ್ಲ” ಅಂದರು. ಕಾಫಿ ಆರುವುದರೊಳಗೆ ಅವರಿಗೆ ಹೇಳಲು ಆಗಿದ್ದು ಅರ್ಧ ಮಾತ್ರ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸಾಹಿತ್ಯದ ಪಾಠಕ್ಕೂ ಬೇರೆ ಪಾಠಕ್ಕೂ ಇರುವ ವ್ಯತ್ಯಾಸದಿಂದಲೇ ಶುರು ಮಾಡಬೇಕು. ವಿಜ್ಞಾನದ ಮೇಷ್ಟ್ರು ಹೃದಯದ ಚಾರ್ಟು ತೂಗುಹಾಕಿ ನಾಲ್ಕು ಕೋಣೆ ತೋರಿಸಿದರೆ, ಪುಸ್ತಕದಲ್ಲಿರುವ ಪ್ಯಾರಾ ಓದದಿದ್ದರೂ ನಡೆಯುತ್ತದೆ. ವಿಷಯ ತಲೆಗೆ ಹೋಯಿತಲ್ಲ, ಸಾಕು. ಪದ್ಯದಲ್ಲಿ ಹಾಗಾಗದು. ಅಲ್ಲಿ ಸಾಲು ಸರಕು ಹೊತ್ತ ಗಾಡಿಯಲ್ಲ, ಸರಕೇ ಸಾಲು. ಸಾರಾಂಶ ಹೇಳಿಬಿಟ್ಟರೆ ಪದ್ಯ ಹೇಳಿದಂತಾಗಲಿಲ್ಲ. ಸಾಲದ್ದಕ್ಕೆ ನಮ್ಮ ಮಕ್ಕಳಿಗೆ ಎರಡು ಹೊರೆ ಒಟ್ಟಿಗೆ ಬೀಳುತ್ತವೆ. ಇಂಗ್ಲಿಷ್ ಅವರಿಗೆ ದ್ವಿತೀಯ ಭಾಷೆ, ಅದನ್ನು ಕಲಿಯುತ್ತಲೇ ಆ ಭಾಷೆಯ ಕವಿತೆಯನ್ನೂ ಓದಬೇಕು. ಭಾಷೆ ಬರುವುದಿಲ್ಲವೆಂದು ಮೇಷ್ಟ್ರು ಸಾರಾಂಶ ಹೇಳುತ್ತಾರೆ. ಸಾರಾಂಶ ಸಿಕ್ಕಿತೆಂದು ಮಗು ಸಾಲು ಓದುವುದಿಲ್ಲ. ಸಾಲು ಓದದ್ದರಿಂದ ಭಾಷೆ ಬರುವುದಿಲ್ಲ. ಈ ಸುತ್ತನ್ನು ಒಂದು ಕಡೆ ಕಡಿಯಬೇಕು, ಕಡಿಯುವ ಕತ್ತಿಯೇ ಸಾಮಗ್ರಿ.

ಆದ್ದರಿಂದ ಚಾರ್ಟು, ವಿಡಿಯೊ, ಚೀಟಿ, ಹಾಡು ಯಾವುದೇ ಇರಲಿ, ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದನ್ನು ಬಳಸಿದ ಮೇಲೆ ಮಗು ಅಚ್ಚಾದ ಸಾಲಿಗೆ ವಾಪಸ್ಸು ಬಂತಾ? ಬಂದರೆ ಅದು ಸಾಮಗ್ರಿ. ಬರದಿದ್ದರೆ ಅದು ಬಣ್ಣದ ಗೈಡು.

ಪುಸ್ತಕ ಬಿಟ್ಟ ಒಂದು ಸಾಲು

ಶೇಕ್ಸ್‌ಪಿಯರನ ಆ 'ಮರ್ಸಿ' ಪದ್ಯವನ್ನೇ ತೆಗೆದುಕೊಳ್ಳೋಣ. ನಾನು ಪಾಠ ಮಾಡಿದ ಹತ್ತನೇ ತರಗತಿಯ ಪುಸ್ತಕದಲ್ಲಿ ಅದು ಬಿಡಿ ಪದ್ಯವಾಗಿ ನಿಂತಿದೆ. ಮೊದಲ ಸಾಲಿನಲ್ಲೇ 'ಸ್ಟ್ರೇನ್ಡ್' ಅನ್ನುವ ಕಲ್ಲು. ಡಿಕ್ಷನರಿ ನೋಡಿದ ಮಗು 'ಸೋಸಿದ್ದು' ಎಂದು ಬರೆದುಕೊಳ್ಳುತ್ತದೆ, ಚಹಾ ಸೋಸುವ ಜಾಲರಿಗೂ ಅದೇ ಪದ ತಾನೆ. ಆಟದಲ್ಲಿ ಮುಂದಿರುವ ಹುಡುಗ 'ಉಳುಕು' ಅನ್ನುತ್ತಾನೆ. ಗೈಡು 'ಫೋರ್ಸ್ಡ್' ಅನ್ನುತ್ತದೆ. ಗೈಡು ಹೇಳಿದ್ದೇ ಸರಿ. ಆದರೆ ಯಾಕೆ ಸರಿ ಎಂದು ಅದಕ್ಕೆ ಗೊತ್ತಿಲ್ಲ.

ಗೊತ್ತಾಗಬೇಕಾದರೆ ಬೇಕಿರುವುದು ಸ್ಮಾರ್ಟ್ ಬೋರ್ಡಲ್ಲ, ನಾಟಕದಲ್ಲಿ ಈ ಪದ್ಯಕ್ಕಿಂತ ಒಂದೇ ಒಂದು ಮಾತು ಹಿಂದೆ ಏನಿದೆ ಅನ್ನುವುದು. ಇದು 'ದ ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೇ ಅಂಕದ ಕೋರ್ಟಿನ ದೃಶ್ಯ. ಮೂರು ಸಾವಿರ ಡಕಾಟು ಸಾಲ ಗಡುವಿಗೆ ತೀರಿಲ್ಲ. ಪತ್ರದಲ್ಲಿ ಬರೆದುಕೊಟ್ಟಂತೆ ಆಂಟೋನಿಯೊನ ಮೈಯಿಂದ ಒಂದು ಪೌಂಡು ಮಾಂಸ ಬೇಕೆಂದು ಸಾಲ ಕೊಟ್ಟ ಷೈಲಾಕ್ ಚಾಕು ಮಸೆಯುತ್ತಿದ್ದಾನೆ. ಗಂಡುವೇಷದಲ್ಲಿ ನ್ಯಾಯವಾದ ಮಾಡಲು ಬಂದ ಪೋರ್ಷಿಯಾ, ಹಾಗಾದರೆ ನೀನು ಕರುಣೆ ತೋರಿಸಲೇಬೇಕು ಅನ್ನುತ್ತಾಳೆ. ಆಗ ಷೈಲಾಕ್ ಕೇಳುತ್ತಾನೆ: “ಆನ್ ವಾಟ್ ಕಂಪಲ್ಷನ್ ಮಸ್ಟ್ ಐ?” ಯಾವ ಬಲವಂತಕ್ಕೆ ತೋರಿಸಬೇಕು ನಾನು? ಅವನ ಈ ಏಟಿಗೆ ಉತ್ತರವೇ 'ದ ಕ್ವಾಲಿಟಿ ಆಫ್ ಮರ್ಸಿ ಈಸ್ ನಾಟ್ ಸ್ಟ್ರೇನ್ಡ್'. ಬಲವಂತದಿಂದ ಬರುವುದಲ್ಲ ಕಣಯ್ಯ ಕರುಣೆ. ಹಿಂದಿನ ಮಾತನ್ನು ಬೋರ್ಡಿನ ಮೇಲೆ ಬರೆದು, ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ ಎರಡು ಸಾಲು ಹೇಳಿಸಿದರೆ, ಪದದ ಅರ್ಥವನ್ನು ನಾನು ಹೇಳುವ ಅಗತ್ಯವೇ ಬೀಳುವುದಿಲ್ಲ. 'ಮಸ್ಟ್' ಅಂದರೆ 'ಲೇಬೇಕು' ಅನ್ನುವ ವ್ಯಾಕರಣದ ಪಾಠವೂ ಅಲ್ಲಿಗೆ ಮುಗಿಯುತ್ತದೆ.

ಮುಂದಿನ ಸಾಲಿನಲ್ಲಿ ಮಳೆ. ಕರುಣೆ ಆಕಾಶದಿಂದ ಬೀಳುವ ಮೆದು ಮಳೆಯ ಹಾಗೆ ಅನ್ನುತ್ತಾಳೆ ಪೋರ್ಷಿಯಾ. ನಮ್ಮ ಕಡೆಯ ಮಕ್ಕಳಿಗೆ ಮಳೆಯನ್ನು ನಾನು ಪರಿಚಯಿಸಬೇಕಾಗಿಲ್ಲ. ಆದರೆ ಯಾವ ಮಳೆ? ಜುಲೈನಲ್ಲಿ ಶೀಟಿನ ಮಾಡಿನ ಮೇಲೆ ಹೊಡೆಯುವಾಗ ಪಾಠವೇ ಕೇಳದಂತೆ ಮಾಡುವ ಮಳೆಯಂತೂ ಅಲ್ಲ. “ನಿಮ್ಮ ಮನೇಲಿ ಕಾಯೋ ಮಳೆ ಯಾವುದು?” ಎಂದು ಕೇಳಿದೆ. ಅರ್ಧ ತರಗತಿ ಒಟ್ಟಿಗೆ “ಹೂಮಳೆ ಸಾ” ಅಂದಿತು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹದ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ. ಯಾರೂ ಕರೆದು ತರಲಾಗದ, ಬಿದ್ದರೆ ತೋಟದ ಮಾಲೀಕನಿಗೂ ಕೂಲಿಯವನಿಗೂ ಒಳ್ಳೆಯದು ಮಾಡುವ ಮಳೆ. ಕೊಡುವವನಿಗೂ ಪಡೆಯುವವನಿಗೂ ಸೇರಿ ಎರಡು ಪಟ್ಟು ಆಶೀರ್ವಾದ ಎಂದು ಪೋರ್ಷಿಯಾ ಹೇಳುವ ಸಾಲು ಇನ್ನೇನು ಬಾಯಿಗೆ ಬರಬೇಕು, ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದ.

“ಮಳೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕ್ತಾರಲ್ಲ ಸಾ. ಕೆರೆ ನೀರ್ನ ಮೋಟ್ರಲ್ಲಿ ಎತ್ತಿ.”

ತರಗತಿ ನಕ್ಕಿತು. ನಾನು ಒಂದು ಕ್ಷಣ ಸುಮ್ಮನಾದೆ. ಅವನು ಪಾಠ ಕೆಡಿಸಲಿಲ್ಲ, ಪಾಠವನ್ನು ಮುಗಿಸಿಯೇಬಿಟ್ಟಿದ್ದ. ಪೈಪು, ಮೋಟಾರು, ಒತ್ತಡ. ಮೇಲಕ್ಕೆ ತಳ್ಳಿಸಿಕೊಂಡು ಬೀಳುವ ನೀರು. “ಹಂಗಾದ್ರೆ ಹೂಮಳೆ ನಾಟ್ ಸ್ಟ್ರೇನ್ಡ್, ಸ್ಪ್ರಿಂಕ್ಲರು?” ಅಂದೆ. “ಸ್ಟ್ರೇನ್ಡ್!” ಎಂದು ಕೂಗಿದರು. ಆ ಪದ ಆ ವರ್ಷದ ಬ್ಯಾಚಿಗೆ ಯಾವ ನೋಟ್ಸಿನಿಂದಲೂ ಅಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ.

ಆದರೆ ಕಿಟಕಿ ಪಕ್ಕದ ಹುಡುಗಿಗೆ ಸಮಾಧಾನವಾಗಲಿಲ್ಲ. “ಹೂವು ಎರಡಕ್ಕೂ ಬಿಡತ್ತಲ್ಲ ಸಾ?” ಅಂದಳು. ಬಲವಂತಕ್ಕೆ ತೋರಿಸಿದ ಕರುಣೆಯಿಂದಲೂ ಒಬ್ಬನ ಜೀವ ಉಳಿದೀತಲ್ಲ, ಆಗ ಅದು ಕರುಣೆಯಲ್ಲವೇ ಎಂಬುದು ಅವಳ ಪ್ರಶ್ನೆ. ನಾಟಕವನ್ನು ಮುಂದೆ ಓದಿದರೆ ಆ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಅದೇ ದೃಶ್ಯದ ಕೊನೆಗೆ ಷೈಲಾಕನ ಪ್ರಾಣ ಉಳಿಸುತ್ತಾರೆ, ಆದರೆ ಅವನು ತನ್ನ ಧರ್ಮ ಬಿಟ್ಟು ಕ್ರೈಸ್ತನಾಗಬೇಕೆಂಬ ಷರತ್ತಿನ ಮೇಲೆ. ಕರುಣೆಯಲ್ಲಿ ಬಲವಂತ ಇರಬಾರದೆಂದು ಅಷ್ಟು ಚೆಂದ ಹೇಳಿದವಳ ಎದುರಲ್ಲೇ! ಇದನ್ನು ನಾನು ಅವಳಿಗೆ ಹೇಳಿದೆ, ಉತ್ತರ ಹೇಳಲಿಲ್ಲ. ನನ್ನ ಹತ್ತಿರ ಇರಲೂ ಇಲ್ಲ.

ಒಂದು ಹಿಂದಿನ ಸಾಲು, ಒಂದು ಮಳೆ, ಎದುರುಬದುರು ನಿಂತ ಇಬ್ಬರು ಮಕ್ಕಳು. ಆ ಪಿರಿಯಡ್ಡಿಗೆ ಆದ ಖರ್ಚು ಒಂದು ಚಾಕ್‌ಪೀಸು.

ಊರಿನ ಉದಾಹರಣೆ ಕೈಕೊಡುವ ಪರಿ

ಇದನ್ನು ಓದಿ, ಓಹೋ, ಊರಿನ ಉದಾಹರಣೆ ಕೊಟ್ಟರೆ ಆಯಿತು ಎಂದುಕೊಳ್ಳಬೇಡಿ. ರಸ್ಕಿನ್ ಬಾಂಡ್ ಅವರ 'ಗ್ರ್ಯಾಂಡ್‌ಮಾ ಕ್ಲೈಂಬ್ಸ್ ಎ ಟ್ರೀ' ಪದ್ಯದಲ್ಲಿ ನಾನು ಇದೇ ಭ್ರಮೆಯಿಂದ ಮುಗ್ಗರಿಸಿದ್ದೇನೆ. ಮರ ಹತ್ತುವ ಅಜ್ಜಿ ಎಂದ ಕೂಡಲೇ ಮಕ್ಕಳು ತಮ್ಮ ತಮ್ಮ ಅಜ್ಜಿಯರನ್ನು ಕರೆತಂದರು. ಸಿಲ್ವರ್ ಓಕಿಗೆ ಏಣಿ ಹಾಕಿ ಮೆಣಸು ಕುಯ್ದ ಅಜ್ಜಿ, ಹಲಸಿನ ಮರದಿಂದ ಬಿದ್ದೂ ಬೈಯುತ್ತಲೇ ಎದ್ದ ಅಜ್ಜಿ. ನಲವತ್ತು ನಿಮಿಷ ಹೋದದ್ದೇ ತಿಳಿಯಲಿಲ್ಲ. ನನಗೋ ಒಳ್ಳೆಯ ಮೇಷ್ಟ್ರು ಎಂಬ ಜಂಬ. ಮರುದಿನ “ಪದ್ಯದಲ್ಲಿ ಅಜ್ಜಿ ಕೊನೇ ಸಲ ಮರ ಹತ್ತಿದಾಗ ಎಷ್ಟು ವಯಸ್ಸು?” ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. 62 ಎಂದು ಮೊದಲ ಕೆಲವು ಸಾಲುಗಳಲ್ಲೇ ಇದೆ. ನಮ್ಮ ಅಜ್ಜಿಯರು ಬಾಂಡ್ ಅವರ ಅಜ್ಜಿಯನ್ನು ಪುಸ್ತಕದಿಂದಲೇ ಓಡಿಸಿದ್ದರು. ಹೂಮಳೆ ಮಕ್ಕಳನ್ನು ಸಾಲಿಗೆ ತಂದಿತ್ತು, ಮೆಣಸಿನ ಏಣಿ ಸಾಲಿನಿಂದ ಆಚೆ ಇಳಿಸಿತು. ಈಗ ಹೀಗೆ ಮಾಡುತ್ತೇನೆ: ಮಗು ತನ್ನ ಅಜ್ಜಿಯ ಬಗ್ಗೆ ಒಂದು ಮಾತು ಹೇಳಬಹುದು, ಆದರೆ ಪದ್ಯದ ಒಂದು ಸಾಲನ್ನು ತೋರಿಸಿ, ಇವರಂತೆ ಅಥವಾ ಇವರಂತಲ್ಲ ಎಂದು ಹೇಳಿ ಕೂರಬೇಕು.

ಹೆವನ್ ಪದದ ಭಾರ ಎಲ್ಲಿ?

ಕವಿತೆಯ ಸದ್ದಿನ ಪಾಠಕ್ಕೆ ನಮ್ಮಲ್ಲಿ ಒಂದು ಉಪಕರಣ ಆಗಲೇ ಇದೆ. ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ಕನ್ನಡ ಪಂಡಿತರ ಬೀರುವಿನಲ್ಲಿದೆ. ಲಘು, ಗುರು, ಪ್ರಸ್ತಾರ. ಷಟ್ಪದಿಗೆ ಗಣ ವಿಂಗಡಿಸಿ ಗೆರೆ ಹಾಕಲು ಬರುವ ಮಗುವಿಗೆ ಶೇಕ್ಸ್‌ಪಿಯರನ ಸಾಲಿಗೂ ಗೆರೆ ಹಾಕಲು ಬರುತ್ತದೆ. ವ್ಯತ್ಯಾಸ ಒಂದೇ. ನಮ್ಮ ಛಂದಸ್ಸು ಅಕ್ಷರ ಹೇಳಲು ಹಿಡಿಯುವ ಕಾಲವನ್ನು ಎಣಿಸುತ್ತದೆ, ಇಂಗ್ಲಿಷಿನದು ಎಲ್ಲಿ ಒತ್ತು ಬೀಳುತ್ತದೆ ಎಂದು ಎಣಿಸುತ್ತದೆ. 'ಮರ್ಸಿ' ಪದದಲ್ಲಿ ಎರಡೂ ಹೊಂದಿಕೊಳ್ಳುತ್ತವೆ: ಒತ್ತಕ್ಷರದ ಹಿಂದಿನ 'ಮ' ನಮಗೆ ಗುರು, ಇಂಗ್ಲಿಷಿನಲ್ಲೂ ಭಾರ ಅಲ್ಲೇ. ಆದರೆ 'ಹೆವನ್' ನೋಡಿ. ನಮ್ಮ ಲೆಕ್ಕದಲ್ಲಿ 'ಹೆ' ಲಘು, ವ್ಯಂಜನದಲ್ಲಿ ಮುಗಿಯುವ 'ವನ್' ಗುರು. ಇಂಗ್ಲಿಷಿನಲ್ಲಿ ತಿರುವುಮುರುವು, ಭಾರವೆಲ್ಲ 'ಹೆ' ಮೇಲೆ, 'ವನ್' ಗಾಳಿಯಲ್ಲಿ ತೇಲಿಹೋಗಬೇಕು. ನಮ್ಮ ಮಕ್ಕಳು 'ಹೆವನ್ನು' ಎಂದು ಕೊನೆಗೆ ಜಗ್ಗುವುದು ಏಕೆಂದು ನನಗೆ ಅರ್ಥವಾದದ್ದೇ ಹೀಗೆ ಗೆರೆ ಹಾಕಿದ ಮೇಲೆ. ಅದು ದಡ್ಡತನವಲ್ಲ, ಕನ್ನಡದ ಕಿವಿ.

ಪೆನ್ಸಿಲ್ ಸಾಲು ಮಾಡುವ ಹಾನಿಯೂ ಇಲ್ಲೇ ಬಯಲಾಗುತ್ತದೆ. ಮೊದಲ ಸಾಲನ್ನು ಮೇಜು ತಟ್ಟುತ್ತ ಎಣಿಸಿ: ದ, ಕ್ವಾ, ಲಿ, ಟಿ, ಆಫ್, ಮರ್, ಸಿ, ಈಸ್, ನಾಟ್, ಸ್ಟ್ರೇನ್ಡ್. ಹತ್ತು. ಒಂದು ಬಿಟ್ಟು ಒಂದಕ್ಕೆ ಒತ್ತು, ಹೀಗೆ ಐದು ಸಲ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಮಾತು ಹೆಚ್ಚಾಗಿ ನಡೆಯುವ ಹೆಜ್ಜೆ ಇದು. ಮಗು ಪೆನ್ಸಿಲ್ಲಿನಲ್ಲಿ ಬರೆದುಕೊಂಡದ್ದು 'ಸ್ಟ್ರೇ-ಯಿಂಡ್'. ಹನ್ನೊಂದು. ಹೆಜ್ಜೆ ತಪ್ಪಿತು. ಒಂದು ಪಿರಿಯಡ್ಡು ಮೇಜು ಕುಟ್ಟಿಸಿದ್ದಕ್ಕೆ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಂದು ಇಣುಕಿದ್ದು ಬೇರೆ ಮಾತು.

'ಡ್ರಾಪೆತ್', 'ಬ್ಲೆಸೆತ್' ಎಂಬ ಹಳೆಯ ರೂಪಗಳಿಗೂ ಕನ್ನಡ ಪುಸ್ತಕವೇ ಮದ್ದು. ಈಗ 'ಡ್ರಾಪ್ಸ್' ಅನ್ನುವುದಕ್ಕೆ ಆಗ ಹಾಗೆ ಅನ್ನುತ್ತಿದ್ದರು. 'ಬರ್ಪನು' ಎಂಬುದನ್ನು 'ಬರುತ್ತಾನೆ' ಎಂದು ಬಿಡಿಸಲು ಕಲಿತ ಮಗು ಇದಕ್ಕೆ ಅಂಜುವುದಿಲ್ಲ.

ಅಣ್ಣಿಲಿ, ತಮ್ಮಿಲಿ

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದೆಂದು ತರಬೇತಿಗಳಲ್ಲಿ ಹೇಳಿಸಿಕೊಂಡವರು ನಾವು. ವ್ಯವಹಾರದ ಇಂಗ್ಲಿಷಿಗೆ ಆ ಮಾತು ಎಷ್ಟು ಸರಿಯೋ, ಸಾಹಿತ್ಯಕ್ಕೆ ಅಷ್ಟೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಸಾಲು ಸಾಲಾಗಿ ಅರ್ಥ ಹೇಳಿಬಿಡುವುದು ಒಂದು, ಕನ್ನಡದ ಒಂದು ಒಳ್ಳೆಯ ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟು ಹೋಲಿಸುವುದು ಇನ್ನೊಂದು. ಮೊದಲನೆಯದು ಸಾಲನ್ನು ಮುಚ್ಚುತ್ತದೆ, ಎರಡನೆಯದು ತೆರೆಯುತ್ತದೆ.

ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ 'ದ ಪೈಡ್ ಪೈಪರ್ ಆಫ್ ಹ್ಯಾಮಲಿನ್' ಪದ್ಯ ಕುವೆಂಪು ಕೈಯಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಯಿತು. ಕುವೆಂಪು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕಿಂದರಿಜೋಗಿ ಕೇಳದ ಮಗು ಈ ಸೀಮೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಒಂಬತ್ತನೇ ತರಗತಿಗೆ ನಾನು ಬ್ರೌನಿಂಗನ ಇಲಿಗಳ ದಂಡು ಹೊರಡುವ ಸಾಲುಗಳನ್ನಷ್ಟೇ ಕೊಡುತ್ತೇನೆ. “ಗ್ರೇಟ್ ರ‍್ಯಾಟ್ಸ್, ಸ್ಮಾಲ್ ರ‍್ಯಾಟ್ಸ್, ಲೀನ್ ರ‍್ಯಾಟ್ಸ್, ಬ್ರಾನಿ ರ‍್ಯಾಟ್ಸ್” ಎಂದು ಓದುತ್ತಿದ್ದಂತೆ ಯಾರಾದರೊಬ್ಬರು “ಸಣ್ಣಿಲಿ, ದೊಡ್ಡಿಲಿ!” ಎಂದು ಕೂಗಿಯೇ ಕೂಗುತ್ತಾರೆ. ಅಲ್ಲಿಂದ ಮುಂದೆ ಕೆಲಸ ಮಕ್ಕಳದ್ದು. ಬ್ರೌನಿಂಗನ ಹತ್ತಿರ ಅಪ್ಪ, ಅಮ್ಮ, 'ಅಂಕಲ್ಸ್', 'ಕಸಿನ್ಸ್' ಇದ್ದಾರೆ. ಕುವೆಂಪು ಹತ್ತಿರ ಅಣ್ಣಿಲಿ, ತಮ್ಮಿಲಿ, ಮಾವಿಲಿ. 'ಅಂಕಲ್' ಅಂದರೆ ಮಾವನೋ ಚಿಕ್ಕಪ್ಪನೋ ದೊಡ್ಡಪ್ಪನೋ? 'ಕಸಿನ್' ಅಂದರೆ ಅತ್ತೆ ಮಗಳೋ ಚಿಕ್ಕಪ್ಪನ ಮಗಳೋ? ಒಬ್ಬಳನ್ನು ಮದುವೆಯಾಗಬಹುದು, ಇನ್ನೊಬ್ಬಳು ತಂಗಿ! ತರಗತಿಯಲ್ಲಿ ಗದ್ದಲವೋ ಗದ್ದಲ. ಒಂದು ಭಾಷೆ ಒಂದೇ ಪದದಲ್ಲಿ ಮುಗಿಸಿದ್ದನ್ನು ಇನ್ನೊಂದು ಭಾಷೆ ಯಾಕೆ ನಾಲ್ಕು ಮಾಡಿಕೊಂಡಿದೆ ಎಂಬ ದೊಡ್ಡ ಪ್ರಶ್ನೆಯನ್ನು ಇಲಿಗಳು ಹೊತ್ತು ತಂದಿರುತ್ತವೆ. ಬ್ರೌನಿಂಗನ ವೇಸರ್ ನದಿ ಇದ್ದಲ್ಲಿ ಕುವೆಂಪು ತುಂಗೆಯನ್ನು ಹರಿಸಿದ್ದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ನಾನು ಹೇಳಿದರೆ ರುಚಿ ಕೆಡುತ್ತದೆ. ಇದೇ ಆಟವನ್ನು ಬಿಎಂಶ್ರೀ ಅವರ 'ಇಂಗ್ಲಿಷ್ ಗೀತಗಳು' ಇಟ್ಟುಕೊಂಡೂ ಆಡಬಹುದು. ಥಾಮಸ್ ನ್ಯಾಶನ ವಸಂತದ ಹಾಡಿನ ಹಕ್ಕಿಗಳ ಕೂಗನ್ನು ಅವರು ಹೇಗೆ ಕನ್ನಡಕ್ಕೆ ಕರೆತಂದರು ನೋಡಿ ಎಂದರೆ ಹಿಂದಿನ ಬೆಂಚು ಕೂಡ ಕೂಗಲು ತಯಾರು.

ಇನ್ನೊಂದು ದಿಕ್ಕಿನ ಸಾಮಗ್ರಿಯೂ ನಮ್ಮ ಪಕ್ಕದಲ್ಲೇ ಇದೆ. ರಾಜಾರಾವ್ 1908ರಲ್ಲಿ ಹಾಸನದಲ್ಲಿ ಹುಟ್ಟಿದರು. 1938ರಲ್ಲಿ ಬಂದ ಅವರ 'ಕಾಂತಾಪುರ' ಕಾದಂಬರಿ ಇಂಗ್ಲಿಷಿನದು, ಆದರೆ ಕತೆ ಹೇಳುವವಳು ಘಟ್ಟದ ಹಳ್ಳಿಯ ಅಜ್ಜಿ. ಅದರಲ್ಲಿ ಏಲಕ್ಕಿ, ಕಾಫಿ ಗಾಡಿಗಳಿವೆ, ಹಿಮವತಿ ನದಿಯಿದೆ, ಕೆಂಚಮ್ಮ ಎಂಬ ದೇವತೆಯಿದ್ದಾಳೆ. ಹೇಮಾವತಿ ದಾಟಿ ಬರುವ, ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಹೆಸರು ಕೇಳಿದ ಮಕ್ಕಳಿಗೆ ಇಷ್ಟು ಸಾಕು. ಇಡೀ ಕಾದಂಬರಿ ಹೈಸ್ಕೂಲಿಗೆ ಭಾರ. ನನಗೆ ಬೇಕಾದದ್ದು ಮೊದಲ ಪುಟದ ಒಂದು ತುಣುಕು: 'ಹೈ ಆನ್ ದ ಘಾಟ್ಸ್ ಈಸ್ ಇಟ್'. ಇದರಲ್ಲಿ ತಪ್ಪೇನು ಎಂದು ಕೇಳಿದರೆ, ವ್ಯಾಕರಣ ಕಲಿತ ಮಕ್ಕಳು 'ಇಟ್ ಈಸ್ ಹೈ ಆನ್ ದ ಘಾಟ್ಸ್' ಎಂದು ತಿದ್ದುತ್ತಾರೆ. ಈಗ ಎರಡನ್ನೂ ಗಟ್ಟಿಯಾಗಿ ಹೇಳಿ, ಯಾವುದು ನಿಮ್ಮಜ್ಜಿ ಹೇಳಿದ ಹಾಗಿದೆ? 'ಘಟ್ಟದ ಮೇಲಿದೆ ಅದು.' ಮೊದಲನೆಯದೇ. ಇಂಗ್ಲಿಷ್ ನಮ್ಮ ಮಾತಿನ ವರಸೆಗೂ ಬಗ್ಗುತ್ತದೆ ಎಂಬುದು ಆ ಕ್ಷಣಕ್ಕೆ ಅವರಿಗೆ ಹೊಳೆದದ್ದನ್ನು ಮುಖದಲ್ಲೇ ನೋಡಬಹುದು. ಹಾಗಂತ ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ ಎಂದು ಹೇಳಿ ಕಳಿಸುವುದನ್ನು ಮರೆಯಬಾರದು.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಶಾಲೆಯಲ್ಲಿ ಒಂದು ಪಿರಿಯಡ್ಡು ಬರೀ ಶೀರ್ಷಿಕೆಯ ಮೇಲೆ ಕಳೆದೆವು. 'ಎದೆಯ ಹಣತೆ' ದೀಪಾ ಭಾಸ್ತಿ ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್'. ಹಣತೆಗೂ ಲ್ಯಾಂಪಿಗೂ ಏನು ಅಂತರ? ಹಣತೆ ಮಣ್ಣಿನದು, ಒಡೆಯುತ್ತದೆ, ಎಣ್ಣೆ ಬೇಕು, ಗಾಳಿಗೆ ಆರುತ್ತದೆ. ಲ್ಯಾಂಪಿಗೆ ಸ್ವಿಚ್ಚೂ ಇರಬಹುದು. ಎದೆಗೂ ಹಾರ್ಟಿಗೂ? ಇಷ್ಟು ಮಾತಾಡಿದ ಮಕ್ಕಳು ಅನುವಾದ ಅಂದರೆ ಡಿಕ್ಷನರಿ ನೋಡಿ ಪದ ಬದಲಿಸುವುದು ಎಂದು ಮತ್ತೆ ಹೇಳಲಾರರು.

ಅಡಿಕೆ ಹಾಳೆಯ ಹಡಗು

ಭಾಷೆ ಕಲಿಸುವ ವಿಧಾನದಲ್ಲಿ ಜಗತ್ತೇ ಉಲ್ಲೇಖಿಸುವ ಒಂದು ಪ್ರಯೋಗ ನಡೆದದ್ದು ನಮ್ಮ ರಾಜ್ಯದಲ್ಲೂ ಹೌದು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಇದಕ್ಕೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ಅದರ ತಿರುಳನ್ನು ಕನ್ನಡದಲ್ಲಿ ಹೇಳುವುದಾದರೆ, ಮನಸ್ಸು ಒಂದು ಸಮಸ್ಯೆ ಬಿಡಿಸುವುದರಲ್ಲಿ ಮುಳುಗಿರುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ. ವೇಳಾಪಟ್ಟಿ ಕೊಟ್ಟು ಯಾವ ರೈಲು ಹಿಡಿಯಬೇಕೆಂದು ಕೇಳುವಂಥ, ತರ್ಕ ಮಾಡಿ ಬಿಡಿಸಬೇಕಾದ ಕೆಲಸಗಳೇ ಹೆಚ್ಚು ಫಲ ಕೊಡುತ್ತವೆಂದು ಅವರು ಕಂಡರು.

ಇದನ್ನು ಕವಿತೆಗೆ ತರುವುದು ಹೇಗೆ? 'ಬ್ಯಾಲಡ್ ಆಫ್ ದ ಟೆಂಪೆಸ್ಟ್' ಪದ್ಯದಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ “ಕಟ್ ಅವೇ ದ ಮಾಸ್ಟ್!” ಎಂಬ ಕೂಗು ಏಳುತ್ತದೆ. 'ಮಾಸ್ಟ್' ಅಂದರೆ ಹಾಯಿಕಂಬ ಎಂದು ಅಂಚಿನಲ್ಲಿ ಬರೆಸಿದರೆ ಮುಗಿಯಿತೇ? ಮುಳುಗುವ ಹೊತ್ತಿನಲ್ಲಿ ಹಡಗಿನ ಕಂಬವನ್ನೇ ಏಕೆ ಕಡಿಯಬೇಕು? ಸಮುದ್ರ ನೋಡದ ಮಕ್ಕಳಿಗೆ ಇದು ಒಗಟು. ಒಂದು ದಿನ ಅಡಿಕೆ ಹಾಳೆಯ ದೋಣಿ ಮಾಡಿ, ನಡುವೆ ಕಡ್ಡಿ ನೆಟ್ಟು ಬಟ್ಟೆ ಕಟ್ಟಿ, ಬಿಸಿಯೂಟದ ದೊಡ್ಡ ಪಾತ್ರೆಯ ನೀರಿಗೆ ಬಿಟ್ಟೆವು. ಒಬ್ಬಳು ರಟ್ಟಿನಿಂದ ಬೀಸಿದಳು. ದೋಣಿ ಮಗ್ಗುಲಾಯಿತು. ಬಟ್ಟೆ ಬಿಚ್ಚಿ ಬರೀ ಕಡ್ಡಿ ಬಿಟ್ಟರೂ ಓಲಾಡಿತು. ಕಡ್ಡಿ ಮುರಿದ ಮೇಲೆ ನೀರಿನ ಮೇಲೆ ಸಮನಾಗಿ ಕೂತಿತು. ಗಾಳಿಗೆ ಸಿಗುವ ಎತ್ತರ ಹೋದರೆ ಹಡಗು ಉರುಳುವ ಭಯ ಕಡಿಮೆ. ಆದರೆ ಮುಂದೆ ಹೋಗುವ ದಾರಿಯೂ ಹೋಯಿತು. ಆ ಕೂಗಿನಲ್ಲಿರುವ ಹತಾಶೆ ಅದು. ಆಮೇಲೆ ಪದ್ಯದ ಚರಣಗಳನ್ನು ಚೀಟಿ ಮಾಡಿ ಕಲಸಿ ಗುಂಪಿಗೊಂದು ಕಟ್ಟು ಕೊಟ್ಟು ಜೋಡಿಸಿ ಅಂದೆ. ಯಾವ ಚರಣ ಮೊದಲು ಎಂದು ಜಗಳವಾಡುತ್ತ ಪ್ರತಿ ಗುಂಪೂ ಇಡೀ ಪದ್ಯವನ್ನು ಹತ್ತು ಸಲವಾದರೂ ಓದಿತು. ಓದಿ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ.

ಕರೆಂಟು ಇದ್ದರೆ

ಮೇಡಮ್ಮಿನ ಪೆನ್‌ಡ್ರೈವ್‌ಗೆ ಬರೋಣ. ಮಲೆನಾಡಿನಲ್ಲಿ ಗಾಳಿ ಎದ್ದರೆ ಕರೆಂಟು ಹೋಗುತ್ತದೆ, ಆದ್ದರಿಂದ ಆನ್‌ಲೈನ್ ಎಂದು ನಂಬಿ ಪಾಠ ಯೋಜಿಸಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡು ಸರಕಾರದ ಆನ್‌ಲೈನ್ ಪಾಠಗಳ ತಾಣವಾದ ದೀಕ್ಷಾಗೆ ಕರೆದೊಯ್ಯುತ್ತದೆ, ಬೇಕಾದ್ದನ್ನು ಪೇಟೆಯಲ್ಲಿದ್ದಾಗಲೇ ಇಳಿಸಿಕೊಳ್ಳಿ. ಹಳೆಯ ಕೃತಿಗಳ ಪೂರ್ತಿ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ, ಅವುಗಳ ಓದಿನ ಧ್ವನಿ ಲಿಬ್ರಿವಾಕ್ಸ್‌ನಲ್ಲಿ ಉಚಿತ. ಷೈಲಾಕನ ಆ ಸಾಲನ್ನು ನೀವೇ ಹುಡುಕಿಕೊಳ್ಳಬಹುದು. ಎಂಟನೇ ತರಗತಿಗೆ ಬಂದೂ ವಾಕ್ಯ ಓದಲು ತಡವರಿಸುವವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವ ಚಿತ್ರಕತೆಗಳಿವೆ. ದೊಡ್ಡ ಮಕ್ಕಳಿಗೆ ಅವಮಾನವೆನಿಸದ ಹಾಗೆ ಆರಿಸಬೇಕು, ಅಷ್ಟೆ.

ಜೆರಾಕ್ಸ್ ಮಾಡಬಹುದೇ ಎಂಬ ಭಯ ಹಲವರಿಗಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬ್ರೌನಿಂಗ್ ಎಂದೋ ಎಲ್ಲರ ಸ್ವತ್ತಾಗಿದ್ದಾನೆ, 2001ರಲ್ಲಿ ತೀರಿಕೊಂಡ ಆರ್. ಕೆ. ನಾರಾಯಣ್ ಆಗಿಲ್ಲ. ಆದರೆ 1957ರ ಕಾಯ್ದೆಯ 52ನೇ ಕಲಮು ಪಾಠ ಮಾಡುವ ಸಲುವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ತರಗತಿಗೆ ಒಂದು ಪುಟ ಜೆರಾಕ್ಸ್ ಮಾಡಿದ್ದಕ್ಕೆ ಹೆದರಬೇಕಿಲ್ಲ, ಅದನ್ನು ಹೊಲಿದು ಮಾರಬೇಡಿ.

ವಿಡಿಯೊ ಬಗ್ಗೆ ನನ್ನದು ಸ್ವಲ್ಪ ಹಟ. ನಾರಾಯಣ್ ಅವರ 'ಎ ಹೀರೊ' ಪಾಠಕ್ಕೆ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಇದ್ದೇ ಇದೆ. ಮೊದಲೇ ತೋರಿಸಿದರೆ ಕತೆ ಓದುವವರು ಯಾರು? ಓದಿದ ಮೇಲೆ, ಸ್ವಾಮಿ ಅಪ್ಪನ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗುವ ಭಾಗವನ್ನಷ್ಟೇ ತೋರಿಸಿ ನಿಲ್ಲಿಸುತ್ತೇನೆ. ಬೆಂಚಿನ ಕೆಳಗೆ ಮುದುಡಿಕೊಂಡ ಹುಡುಗನ ತಲೆಯೊಳಗೆ ಓಡುವ ಭಯ ಪರದೆಯ ಮೇಲೆ ಎಷ್ಟು ಬಂತು, ಪುಟದಲ್ಲಿ ಎಷ್ಟಿತ್ತು, ಸಾಲು ತೋರಿಸಿ ಹೇಳಿ. ಕಾಡಿನ ದಾರಿಯಲ್ಲಿ ಹುಲಿಗೆ ಎದುರಾದ ಹುಡುಗನ ಪತ್ರಿಕಾ ಸುದ್ದಿಯಿಂದ ಆ ಕತೆ ಶುರುವಾಗುತ್ತದೆ. ಆನೆ ಬಂತೆಂದು ಬಸ್ಸು ನಿಂತು ಶಾಲೆಗೆ ತಡವಾಗಿ ಬರುವ ನಮ್ಮ ಮಕ್ಕಳಿಗೆ ಅಂಥದೊಂದು ಸುದ್ದಿ ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ವಿಷಯಕ್ಕೆ ಕೊರತೆಯಿಲ್ಲ.

ಕೊನೆಗೆ ಗೈಡು. ಅದನ್ನು ಬೈದು ಪ್ರಯೋಜನವಿಲ್ಲ, ಮಗುವಿನ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತದೆ, ಫೆಬ್ರವರಿಯಲ್ಲಿ ನಾವೂ ಪಾಸಿಂಗ್ ಪ್ಯಾಕೇಜ್ ಹಂಚುತ್ತೇವೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಲಿಖಿತ 80, ಆಂತರಿಕ 20. ನಾನು ಈವರೆಗೆ ಹೇಳಿದ ಆಟಗಳಿಗೆಲ್ಲ ಆ 20ರಲ್ಲಿ ಜಾಗ ಮಾಡಿಕೊಳ್ಳಬಹುದು. 80ಕ್ಕೆ ಗೈಡನ್ನೇ ಕೆಲಸಕ್ಕೆ ಹಚ್ಚುತ್ತೇನೆ. ಗೈಡಿನ ಒಂದು ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಇದು ಪದ್ಯದ ಯಾವ ಸಾಲಿನಿಂದ ಬಂತು ಹುಡುಕಿ ಎನ್ನುತ್ತೇನೆ. ಕೆಲವೊಮ್ಮೆ ಯಾವ ಸಾಲಿನಿಂದಲೂ ಬಂದಿರುವುದಿಲ್ಲ. ಗೈಡು ತಪ್ಪಿದ್ದನ್ನು ಹಿಡಿದ ಮಗುವಿನ ಮುಖ ನೋಡಬೇಕು.

ಪೆನ್ಸಿಲ್ ಸಾಲನ್ನೂ ನಾನು ಬೇಡ ಅನ್ನುವುದಿಲ್ಲ. ಅದಿಲ್ಲದೆ ಬಾಯಿ ತೆರೆಯದ ಮಕ್ಕಳಿದ್ದಾರೆ. ಬಾಯಿಪಾಠದ ಪದ್ಯಕ್ಕೆ ಬಂದಾಗ ಮಾತ್ರ ಒಂದು ಕರಾರು: ದಿನಕ್ಕೆ ಒಂದು ಸಾಲಿನ ಪೆನ್ಸಿಲ್ಲನ್ನು ರಬ್ಬರಿನಿಂದ ಅಳಿಸಬೇಕು, ಯಾವ ಸಾಲು ಎಂದು ಅವರೇ ಆರಿಸಬೇಕು. ಆ ಸ್ಪ್ರಿಂಕ್ಲರ್ ಹುಡುಗನ ಪುಸ್ತಕವನ್ನು ಪರೀಕ್ಷೆಗೆ ಮೊದಲು ನೋಡಿದೆ. ಉಜ್ಜಿ ಉಜ್ಜಿ ಪುಟ ಬೂದಿ ಬಣ್ಣಕ್ಕೆ ತಿರುಗಿ ಒಂದು ಕಡೆ ತೂತೂ ಬಿದ್ದಿತ್ತು. ಎರಡನೇ ಸಾಲಿನ ನೆತ್ತಿಯ ಮೇಲೆ ಒಂದೇ ಪದ ಉಳಿಸಿಕೊಂಡಿದ್ದ: 'ಡ್ರಾಪೆತ್'. “ಇದೊಂದು ಇರ್ಲಿ ಸಾ, ನಾಲಿಗೆ ತಿರುಗ್ತಿಲ್ಲ” ಅಂದ. ಇರಲಿ ಅಂದೆ.